ಒಂಬತ್ತನೇ ಕ್ಲಾಸಿನಲ್ಲಿ ಅವಳ ಪಕ್ಕ ಕೂರುವವರಿಗೆ

ಹಾಜರಿ ಕರೆಯುವಾಗ ಹೆಸರಿನ ಬದಲು ನಂಬರ್ ಕೂಗುವ ಕ್ಲಾಸುಗಳಲ್ಲಿ, ಎಂಟು ಆದ ಮೇಲೆ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಬರುತ್ತದೆ. ಒಂಬತ್ತು ಎಂದರೆ ಟ್ರಾನ್ಸ್ ಹುಡುಗಿಯರನ್ನು ಹಂಗಿಸುವ ಮಾತು. ಆ ನಂಬರ್ ಯಾರದ್ದೇ ಆಗಿರಲಿ, ನಾಲ್ಕು ತಲೆ ತಿರುಗುವುದು ಅವಳ ಕಡೆಗೆ. ಅವಳು ತಲೆ ತಗ್ಗಿಸಿ ನೋಟ್‌ಬುಕ್ಕಿನ ಅಂಚಿನಲ್ಲಿ ಏನೋ ಗೀಚುತ್ತಿರುತ್ತಾಳೆ. ಶಾಲೆ ಶಿವಮೊಗ್ಗ ಪೇಟೆಯಲ್ಲಿರಲಿ, ಹೊಸನಗರದ ಕಡೆ ಕಾಡಿನ ನಡುವೆ ಇರಲಿ, ಈ ನಗು ಮಾತ್ರ ಒಂದೇ. ಇದನ್ನು ನಿಲ್ಲಿಸಲು ಭಾಷಣ ಬೇಕಿಲ್ಲ. ಮೇಷ್ಟ್ರು ನಂಬರ್ ಬಿಟ್ಟು ಹೆಸರು ಕರೆಯಲು ಶುರು ಮಾಡಿದರೆ ಸಾಕು, ದಿನಕ್ಕೊಂದು ಸಲ ಬೀಳುತ್ತಿದ್ದ ಏಟು ತಪ್ಪುತ್ತದೆ.

ಹುಟ್ಟಿದಾಗ ಗಂಡು ಎಂದು ಬರೆಸಿದ್ದರೂ ತಾನು ಹುಡುಗಿ ಎಂದು ಒಳಗೇ ತಿಳಿದುಕೊಂಡ ಮಕ್ಕಳು, ಅಂದರೆ ಟ್ರಾನ್ಸ್ ಹುಡುಗಿಯರು, ನಮ್ಮ ಹೈಸ್ಕೂಲುಗಳಲ್ಲಿ ಇದ್ದಾರೆ. ಕೆಲವರಿಗೆ ಇದು ಅಂಗನವಾಡಿ ವಯಸ್ಸಿನಲ್ಲೇ ಗೊತ್ತಿರುತ್ತದೆ. ಇನ್ನು ಕೆಲವರಿಗೆ ದನಿ ಒಡೆದು, ಮೇಲ್ದುಟಿಯ ಮೇಲೆ ಕೂದಲು ಮೂಡತೊಡಗಿದಾಗ, ಉಳಿದ ಹುಡುಗರೆಲ್ಲ ಹಿಗ್ಗುತ್ತಿರುವಾಗ ತನಗೊಬ್ಬಳಿಗೇ ಯಾಕೆ ಹೊಟ್ಟೆಯಲ್ಲಿ ಸಂಕಟ ಎಂಬಲ್ಲಿಂದ ತಿಳಿಯುತ್ತದೆ. ಇದು ಚಟವಲ್ಲ, ಮೊಬೈಲ್ ನೋಡಿ ಕಲಿತದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಹನ್ನೊಂದನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಇದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಹಾಕಿದ್ದಾರೆ.

ಅಂಥ ಹುಡುಗಿಗೆ ಏನು ಬೇಕು ಎಂದರೆ ಹೆಚ್ಚಿನವರು ಡಾಕ್ಟರು, ಸರ್ಟಿಫಿಕೇಟು ಎಂದು ಶುರು ಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಸಾಲು ಬೇರೆ. ಮೊದಲು ಒಬ್ಬಳು ಗೆಳತಿ. ಆಮೇಲೆ ಹೆದರದೆ ಹೋಗಿಬರಬಹುದಾದ ಒಂದು ಶೌಚಾಲಯ. ಆಮೇಲೆ ಹೆಸರು. ಕಾಗದಪತ್ರ ಕೊನೆಗೆ. ಗೆಳತಿ ಒಬ್ಬಳಿದ್ದರೆ ಉಳಿದದ್ದಕ್ಕೆ ಓಡಾಡುವ ಧೈರ್ಯ ತಾನಾಗಿ ಬರುತ್ತದೆ. ಅವಳೇ ಇಲ್ಲದಿದ್ದರೆ ಕೈಯಲ್ಲಿ ಎಷ್ಟು ಕಾಗದ ಇದ್ದರೂ ಹುಡುಗಿ ಎಂಟನೇ ಕ್ಲಾಸಿಗೇ ಶಾಲೆ ಬಿಡುತ್ತಾಳೆ.

ಮಲೆನಾಡಿನಲ್ಲಿ ಗೆಳೆತನಕ್ಕೆ ಒಂದು ಬೇರೆ ತೊಡಕಿದೆ. ಮನೆಗಳು ದೂರ ದೂರ. ಒಂದು ತೋಟಕ್ಕೂ ಇನ್ನೊಂದು ತೋಟಕ್ಕೂ ನಡುವೆ ಹಳ್ಳ, ಗುಡ್ಡ. ಶಾಲೆ ಬಿಟ್ಟ ಮೇಲೆ ಬಸ್ಸಿಳಿದು ಒಂಟಿ ಮನೆಗೆ ನಡೆದರೆ ಮರುದಿನ ಬೆಳಗಿನ ತನಕ ವಯಸ್ಸಿಗೆ ಸರಿಯಾದವರ ಮುಖ ಕಾಣುವುದಿಲ್ಲ. ಹಾಗಾಗಿ ಇಲ್ಲಿ ಗೆಳೆತನ ಎಂದರೆ ಶಾಲೆಯ ಆರೇಳು ತಾಸು, ಮತ್ತು ದಾರಿ. ದಾರಿಯೇ ಮುಖ್ಯ, ಕಾಡಿಸುವವರೂ ದಾರಿಯಲ್ಲೇ ಸಿಗುತ್ತಾರೆ: ಬಸ್‌ಸ್ಟಾಂಡಿನ ಕಟ್ಟೆ, ಅಂಗಡಿ ಜಗಲಿ, ಬಸ್ಸಿನ ಹಿಂದಿನ ಬಾಗಿಲು. ಖಾಸಗಿ ಬಸ್ಸುಗಳಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ ನಿಲ್ಲುವುದು ರೂಢಿ. ಹುಡುಗರ ಯೂನಿಫಾರ್ಮಿನಲ್ಲಿರುವ ಅವಳನ್ನು ಹಿಂದಕ್ಕೆ ತಳ್ಳುತ್ತಾರೆ. ಅವಳ ಜೊತೆ ಹತ್ತುವ ಗೆಳತಿ "ಇವ್ಳು ನನ್ ಜೊತೆ" ಎಂದು ಸಾಹಸ ಮಾಡಬೇಕಿಲ್ಲ. ಡ್ರೈವರ್ ಹಿಂದಿನ ಎರಡನೇ ಸಾಲಿನಲ್ಲಿ ಜಾಗ ಹಿಡಿದು, ಮಡಿಲಿಗೆ ಅವಳ ಬ್ಯಾಗು ಇಸಿದುಕೊಂಡರೆ, ಬ್ಯಾಗಿನ ಹತ್ತಿರ ಅವಳು ನಿಲ್ಲುವುದು ಸಹಜವಾಗಿ ಕಾಣುತ್ತದೆ. ಇಳಿದ ಮೇಲೆ ಇಬ್ಬರ ದಾರಿ ಒಡೆಯುವ ಕವಲಿನ ತನಕ ಒಟ್ಟಿಗೆ ನಡೆಯಿರಿ.

2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಉಚಿತ ಪ್ರಯಾಣ ಇದೆ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ, ಕಂಡಕ್ಟರ್ ನೋಡುವುದು ಗುರುತಿನ ಚೀಟಿಯನ್ನು. ಆಧಾರಿನಲ್ಲಿ ಗಂಡು ಎಂದಿರುವಾಗ ತುಂಬಿದ ಬಸ್ಸಿನಲ್ಲಿ ವಾದಕ್ಕೆ ನಿಲ್ಲುವುದು ಬೇಡ. ಸದ್ಯಕ್ಕೆ ವಿದ್ಯಾರ್ಥಿ ಪಾಸೇ ಕ್ಷೇಮ.

ಅವಳು ತನ್ನ ವಿಷಯ ನಿಮಗೆ ಹೇಳಿದಳು ಎಂದಿಟ್ಟುಕೊಳ್ಳಿ. ಆ ಹೊತ್ತಿಗೆ ಏನು ಹೇಳಬೇಕೆಂದು ತಡಕಾಡುವುದಕ್ಕಿಂತ ಮೂರು ಪ್ರಶ್ನೆ ಕೇಳಿ. ಯಾವ ಹೆಸರಲ್ಲಿ ಕರೆಯಲಿ, ಎಲ್ಲೆಲ್ಲಿ ಕರೆಯಲಿ? ಇದು ಇನ್ನು ಯಾರಿಗೆ ಗೊತ್ತು? ಯಾರಾದರೂ ನನ್ನ ಹತ್ತಿರ ಕೇಳಿದರೆ ಏನು ಹೇಳಲಿ? ಮೂರನೆಯದನ್ನು ಕೇಳುವುದು ಎಲ್ಲರಿಗೂ ಮರೆತುಹೋಗುತ್ತದೆ, ಎಡವಟ್ಟಾಗುವುದೂ ಅಲ್ಲೇ. ಊರೆಂದರೆ ಡೇರಿಗೆ ಹಾಲು ಹಾಕುವವರಿಗೂ ಗೊತ್ತು, ನ್ಯಾಯಬೆಲೆ ಅಂಗಡಿಯವರಿಗೂ ಗೊತ್ತು ಎಂಬಂಥ ಊರು. ಮಧ್ಯಾಹ್ನ ಕ್ಲಾಸಿನಲ್ಲಿ ಆಡಿದ ಮಾತು ಅವಳಿಗಿಂತ ಮೊದಲು ಅವಳ ಮನೆ ತಲುಪಿರುತ್ತದೆ. ಒಳ್ಳೆಯ ಮನಸ್ಸಿನಿಂದಲೇ "ಪಾಪ, ಅವ್ಳಿಗೆ ಸಪೋರ್ಟ್ ಮಾಡಿ" ಎಂದು ಇನ್ನಿಬ್ಬರಿಗೆ ಹೇಳಿದರೂ ಪರಿಣಾಮ ಅದೇ. ಹೇಳುವ ಹಕ್ಕು ಅವಳೊಬ್ಬಳದ್ದು.

ಮಾತಿನ ವಿಷಯಕ್ಕೆ ಬಂದರೆ ಕನ್ನಡ ಅವಳಿಗೆ ಅರ್ಧ ಸಹಾಯ ಮಾಡುತ್ತದೆ, ಅರ್ಧ ಕೈಕೊಡುತ್ತದೆ. "ನಾನು ಬಂದೆ", "ನೀನು ಬಂದೆ" ಎನ್ನುವಲ್ಲಿ ಗಂಡು ಹೆಣ್ಣಿನ ಗುರುತಿಲ್ಲ. ಅವಳು ದಿನವಿಡೀ ತನ್ನ ಬಗ್ಗೆ ಮಾತಾಡಿದರೂ ಸಿಕ್ಕಿಬೀಳುವುದಿಲ್ಲ. ಸಿಕ್ಕಿಸುವುದು ಕೊನೆಯ ಅಕ್ಷರ. ಬಾರೋ, ಬಾರೇ. ಕಣೋ, ಕಣೇ. ಮಾರಾಯ, ಮಾರಾಯ್ತಿ. ಇಬ್ಬರೇ ಇರುವಾಗ ಒಂದು "ಬಾರೇ" ಅವಳಿಗೆ ಎಷ್ಟು ದೊಡ್ಡದು ಎನ್ನುವುದನ್ನು ಅವಳ ಮುಖ ನೋಡಿಯೇ ತಿಳಿಯಬೇಕು. ಅದನ್ನೇ ಅವಳ ಅಣ್ಣನ ಎದುರು ಬಾಯಿತಪ್ಪಿ ಅಂದರೆ ಆಪತ್ತು. ಅದಕ್ಕೇ ನಾಲ್ಕು ಜನರ ನಡುವೆ ಆ ಅಕ್ಷರವನ್ನೇ ಬಿಟ್ಟು ಬರೀ "ಬಾ" ಎನ್ನುವುದನ್ನು ರೂಢಿ ಮಾಡಿಕೊಳ್ಳಿ. ಹೆಸರಿಗೂ ಹೀಗೇ ಒಂದು ದಾರಿ ಇದೆ. ಮಂಜುನಾಥ ಎಂದು ಹಾಜರಿಯಲ್ಲಿದ್ದು ಮಂಜುಳಾ ಆಗಬಯಸುವವಳಿಗೆ "ಮಂಜು" ಎರಡು ಕಡೆಗೂ ಸಲ್ಲುತ್ತದೆ. ಶಶಿ, ಕಿರಣ, ಜಯ ಇವೂ ಹಾಗೆಯೇ. ಮನೆಯಲ್ಲಿ ಒಪ್ಪುವ ತನಕ ಇಂಥ ಹೆಸರು ಎಲ್ಲರ ಬಾಯಲ್ಲೂ ಓಡಾಡಬಲ್ಲದು.

ಅವಳನ್ನು "ಅದು" ಎನ್ನುವುದು ಮಾತ್ರ ಬೇಡವೇ ಬೇಡ. ಸಾಗರ, ಹೊಸನಗರದ ಹವ್ಯಕರ ಮನೆಗಳಲ್ಲಿ ಹೆಣ್ಣುಮಕ್ಕಳನ್ನು "ಬಂತು, ಹೋತು" ಎಂದೇ ಹೇಳುವ ರೂಢಿ ಇದೆ, ಅಲ್ಲಿ ಅದು ಅಕ್ಕರೆಯ ಮಾತು. ಅವರಲ್ಲಿ ಮಾಣಿ ಎಂದರೆ ಹುಡುಗ, ಕೂಸು ಎಂದರೆ ಹುಡುಗಿ. ಮಾಣಿ ಎಂದು ಕರೆಸಿಕೊಂಡು ಬೆಳೆದವಳನ್ನು ಅಜ್ಜಿಯೊಬ್ಬರು "ಕೂಸೇ" ಎಂದು ಕರೆದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟಿಲ್ಲ. ಶಾಲೆಯ ಅಂಗಳದಲ್ಲಿ ಹುಡುಗರು ಎಳೆದು ಹೇಳುವ "ಅದು" ಬೇರೆ, ಕೇಳಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಶೌಚಾಲಯದ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತೇನೆ. ಹುಡುಗರ ಶೌಚಾಲಯ ಎಂದರೆ ಸಾಲಾಗಿ ನಿಲ್ಲುವ ಮೋಟುಗೋಡೆ; ಅಲ್ಲಿ ಕುಚೇಷ್ಟೆ, ತಳ್ಳಾಟ. ಹುಡುಗಿಯರ ಕಡೆ ಹೋದರೆ ದೂರು. ಆದ್ದರಿಂದ ಅವಳು ಕಂಡುಕೊಳ್ಳುವ ಉಪಾಯ ಎಂದರೆ ನೀರು ಕುಡಿಯದಿರುವುದು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟವಳು ಸಂಜೆ ಐದೂವರೆಗೆ ಮನೆಯ ಬಚ್ಚಲು ಸೇರುವ ತನಕ ತಡೆದುಕೊಂಡಿರುತ್ತಾಳೆ. ಮಧ್ಯಾಹ್ನದ ಬಿಸಿಯೂಟಕ್ಕೆ ಸಾರು ಬೇಡ ಎನ್ನುತ್ತಾಳೆ, ಮಜ್ಜಿಗೆ ಬೇಡ ಎನ್ನುತ್ತಾಳೆ. ಕೊನೆಯ ಪೀರಿಯಡ್ಡಿಗೆ ತಲೆನೋವು. ತಿಂಗಳುಗಟ್ಟಲೆ ಹೀಗೆ ನಡೆದರೆ ಉರಿಮೂತ್ರ ಬರಬಹುದು. ಜೊತೆಗೆ ಚಳಿಜ್ವರ, ಪಕ್ಕೆಯ ಹಿಂದೆ ನೋವು ಕಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಪರಿಹಾರ ಶಾಲೆಯಲ್ಲೇ ಇರುತ್ತದೆ. ವಿಶೇಷ ಅಗತ್ಯದ ಮಕ್ಕಳಿಗೆಂದು ರ‍್ಯಾಂಪ್ ಇರುವ ಒಂಟಿ ಶೌಚಾಲಯ ಹಲವು ಶಾಲೆಗಳಲ್ಲಿದೆ, ಎಷ್ಟೋ ಕಡೆ ಅದರೊಳಗೆ ಪೊರಕೆ, ಮುರಿದ ಕುರ್ಚಿ ತುಂಬಿರುತ್ತಾರೆ. ಅದನ್ನು ಖಾಲಿ ಮಾಡಿಸಿ, ಒಳಗಿನ ಚಿಲಕ ಸರಿ ಮಾಡಿಸಿ, ಬೀಗದ ಕೈ ಮಕ್ಕಳ ಕೈಗೆ ಸಿಗುವಲ್ಲಿ ಇಟ್ಟರೆ ಆಯಿತು. ಅದಿಲ್ಲದಿದ್ದರೆ ಸಿಬ್ಬಂದಿಯದ್ದು. ಕ್ಲಾಸ್ ಟೀಚರ್ ಮಾಡಬೇಕಾದದ್ದು ಇಷ್ಟು: ಬೆಲ್ಲಿಗೆ ಐದು ನಿಮಿಷ ಮೊದಲು, ಕಾರಣ ಕೇಳದೆ, ಅವಳನ್ನು ಹೊರಗೆ ಬಿಡುವುದು. ಗೆಳತಿ ಮಾಡಬೇಕಾದದ್ದು: ಬಾಗಿಲಾಚೆ ನಿಲ್ಲುವುದು. "ಯಾಕೆ ಅವಳಿಗೆ ಮಾತ್ರ" ಎಂದು ಕ್ಲಾಸು ಕೇಳಿದರೆ ಟೀಚರ್ "ನಾನು ಹೇಳಿದ್ದೇನೆ, ಹೋಗಲಿ" ಎಂದರೆ ಸಾಕು. ವಿವರಣೆ ಕೊಡಲು ಹೋದಷ್ಟೂ ಗುಟ್ಟು ಬಯಲಾಗುತ್ತದೆ.

ಶಾಲೆಯಲ್ಲಿ ದಿನಕ್ಕೆ ಎಷ್ಟು ಸಲ ಗಂಡು ಹೆಣ್ಣು ಎಂದು ಸಾಲು ಮಾಡುತ್ತೇವೆ ಎಂದು ಟೀಚರುಗಳು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಪ್ರಾರ್ಥನೆಗೆ, ಹಾಲಿಗೆ, ಊಟಕ್ಕೆ, ಆಟಕ್ಕೆ. ಪ್ರತಿ ಸಾಲೂ ಅವಳಿಗೆ ಒಂದು ಪರೀಕ್ಷೆ. ಸಮ, ಬೆಸ ಸಂಖ್ಯೆಯ ಪ್ರಕಾರವೋ ಎತ್ತರದ ಪ್ರಕಾರವೋ ವಿಂಗಡಿಸಿದರೆ ಯಾರಿಗೂ ತಿಳಿಯದಂತೆ ಕೆಲಸ ಆಗುತ್ತದೆ. ಪ್ರಾರ್ಥನೆಯಲ್ಲಿ ಅವಳು ಬಾಯಾಡಿಸದೆ ನಿಂತಿದ್ದರೆ ದನಿ ಒಡೆದ ನಾಚಿಕೆ ಅದು, ಉಡಾಫೆಯಲ್ಲ. ಮುಂದೆ ಕರೆದು ಒಂಟಿಯಾಗಿ ಹಾಡಿಸಬೇಡಿ. ಪಿಸುದನಿಯಲ್ಲೇ ಮಾತಾಡುವ ಅಭ್ಯಾಸ ಅವಳಿಗೆ ಅಂಟಿಕೊಳ್ಳುತ್ತದೆ, ಅದರಿಂದ ಗಂಟಲು ಇನ್ನಷ್ಟು ಒರಟಾಗಬಹುದು. ಹದಿಹರೆಯದ ಪಾಠ ಎಂಟನೇ ಕ್ಲಾಸಿನ ವಿಜ್ಞಾನದಲ್ಲಿ ಬರುತ್ತದೆ. ಆ ದಿನ ಧ್ವನಿಪೆಟ್ಟಿಗೆಗೆ ಉದಾಹರಣೆಯಾಗಿ ಯಾವ ಮಗುವನ್ನೂ ಎಬ್ಬಿಸಿ ನಿಲ್ಲಿಸದಿರುವುದು ಒಳ್ಳೆಯದು.

ಮಳೆಗಾಲ ಬೇರೆಯೇ ಕಥೆ. ಜೂನ್, ಜುಲೈನಲ್ಲಿ ತೀರ್ಥಹಳ್ಳಿ, ಆಗುಂಬೆ ಕಡೆಯ ಮಕ್ಕಳು ಶಾಲೆಗೆ ತಲುಪುವುದೇ ತೊಯ್ದು ತೊಪ್ಪೆಯಾಗಿ. ಬಿಳಿ ಶರ್ಟು ಮೈಗೆ ಅಂಟಿಕೊಂಡಾಗ ತನ್ನ ಮೈ ಎಲ್ಲರಿಗೂ ಕಾಣುತ್ತಿದೆ ಎಂಬ ಸಂಕೋಚಕ್ಕೇ ರಜೆ ಹಾಕುವವರಿದ್ದಾರೆ. ಒಂದು ಅಳತೆ ದೊಡ್ಡ ಶರ್ಟು, ಒಳಗೆ ದಪ್ಪ ಬನಿಯನ್, ಕೊಡೆಯ ಬದಲು ಮೊಣಕಾಲ ತನಕ ಬರುವ ರೇನ್‌ಕೋಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಒಣ ಜೊತೆ. ಹುಡುಗರ ಜೊತೆ ಕೋಣೆಯಲ್ಲಿ ಬಟ್ಟೆ ಬದಲಿಸು ಎನ್ನಬೇಡಿ. ಅದೇ ಒಂಟಿ ಶೌಚಾಲಯ ಇದಕ್ಕೂ ಆಗುತ್ತದೆ. ಚೂಡಿದಾರದ ಯೂನಿಫಾರ್ಮ್ ಅವಳಿಗೆ ಬೇಕೇ ಎಂಬುದು ಮನೆಯವರು ಮತ್ತು ಮುಖ್ಯೋಪಾಧ್ಯಾಯರು ಕೂತು ಮಾತಾಡಿದ ಮೇಲಿನ ವಿಷಯ. ಅಲ್ಲಿಯ ತನಕ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟರೆ ಶಾಲೆಗೆ ನಷ್ಟವಿಲ್ಲ.

ಪ್ರತಿಭಾ ಕಾರಂಜಿ, ವಾರ್ಷಿಕೋತ್ಸವ ಬಂದಾಗ ಅವಳಿಗೆ ಸೀರೆ ಉಡಿಸಿ ನಗೆನಾಟಕದಲ್ಲಿ ನಿಲ್ಲಿಸುವ ಚಾಳಿ ಇದೆ. "ಯಕ್ಷಗಾನದಲ್ಲಿ ಸ್ತ್ರೀವೇಷ ಮಾಡ್ತಾರಲ್ಲ, ಇವನಿಗೂ ಅದೇ ಇಷ್ಟ" ಎನ್ನುತ್ತಾರೆ. ಸ್ತ್ರೀವೇಷದ ಕಲಾವಿದರು ಬೆಳಗಿನ ಜಾವ ಬಣ್ಣ ತೆಗೆದು ತಮ್ಮ ಮನೆಗೆ ತಾವಾಗಿ ಹೋಗುತ್ತಾರೆ. ಇವಳಿಗೆ ವೇಷ ಯಾವುದೆಂದರೆ ದಿನವೂ ತೊಡುವ ಆ ಪ್ಯಾಂಟು ಶರ್ಟು. ಅವಳಿಗೆ ನಾಟಕ ಇಷ್ಟವಿದ್ದರೆ, ನಗಿಸುವುದಕ್ಕಲ್ಲದ ಪಾತ್ರ ಕೊಡಿ. ಇನ್ನೊಂದು ಚಿತ್ರ ನಮ್ಮವರ ತಲೆಯಲ್ಲಿರುವುದು ಸೊರಬದ ಚಂದ್ರಗುತ್ತಿ ರೇಣುಕಾಂಬೆಯ ಜಾತ್ರೆಯಲ್ಲಿ ಕಾಣುವ ಜೋಗತಿಯರದ್ದು. ಅದು ಗೌರವದ ದಾರಿ. ಜೋಗತಿ ಮಂಜಮ್ಮನವರು ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೆ ಇಂಥ ಮಗು ಹುಟ್ಟಿದರೆ ಮುತ್ತು ಕಟ್ಟಿಸಿಕೊಂಡು ಜೋಗತಿಯಾಗುವುದೊಂದೇ ಗತಿ ಎಂದು ಹದಿನಾಲ್ಕರ ಹುಡುಗಿಗೆ ಹೇಳುವುದು ತಪ್ಪು. ಅವಳು ನರ್ಸ್ ಆಗಬಹುದು, ಅಡಿಕೆ ವ್ಯಾಪಾರ ಮಾಡಬಹುದು. ಸರ್ಕಾರಿ ನೇರ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿಯನ್ನು ರಾಜ್ಯ ಸರ್ಕಾರ 2021ರಲ್ಲೇ ತಂದಿದೆ, ಅದಕ್ಕೆ ಬೇಕಾದದ್ದು ಓದು.

ಫೋನಿನ ಬಗ್ಗೆ ಎರಡು ಮಾತು. ಹೆಚ್ಚಿನ ಮನೆಗಳಲ್ಲಿ ಒಂದೇ ಸ್ಮಾರ್ಟ್‌ಫೋನು, ಅದು ಅಪ್ಪನದ್ದೋ ಅಣ್ಣನದ್ದೋ. ನೀವು ರಾತ್ರಿ ಒಂಬತ್ತಕ್ಕೆ ಕಳಿಸಿದ ಮೆಸೇಜು, ನೆಟ್‌ವರ್ಕ್ ಸಿಕ್ಕಾಗ ಬೆಳಿಗ್ಗೆ ಅವರ ಕೈಯಲ್ಲಿ ತೆರೆದುಕೊಳ್ಳುತ್ತದೆ. ಅವಳ ಹೊಸ ಹೆಸರು ಬರಹದಲ್ಲಿ ಬೇಡ. ಚೀಟಿಯೂ ಬೇಡ. ಫೋಟೋ ತೆಗೆದರೆ ಅವಳ ಎದುರೇ ಅಳಿಸಿ. ದುಪಟ್ಟಾ ಹೊದ್ದು ನಗುತ್ತಾ ನಿಂತ ಒಂದು ಫೋಟೋ ಕ್ಲಾಸಿನ ಗ್ರೂಪಿಗೆ ಬಿದ್ದರೆ ಅದನ್ನು ಮರಳಿ ತರಲಾಗದು.

ಮನೆಯಲ್ಲಿ ಹೇಳುವ ಹೊತ್ತನ್ನು ಅವಳೇ ಆರಿಸಲಿ, ಗೆಳತಿಯಾಗಲಿ ಟೀಚರಾಗಲಿ ಮುಂದಾಗಬಾರದು. ಹೊತ್ತು ಆರಿಸಲು ನೆರವಾಗಬಹುದು. ಅಡಿಕೆ ಕೊಯ್ಲಿನ ದಿನಗಳು ಬೇಡ: ಹಗಲು ಅಡಿಕೆ ಕೊನೆ (ಗೊನೆ) ಇಳಿಸಿ, ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದು, ಬೇಯಿಸಿ ಸಾಕಾದ ಮನೆಯಲ್ಲಿ ಯಾವ ಮಾತಿಗೂ ತಾಳ್ಮೆ ಇರುವುದಿಲ್ಲ, ಮೇಲಾಗಿ ಸುಲಿಯಲು ಬಂದ ಹತ್ತು ಜನರ ಕಿವಿ ಅಲ್ಲಿರುತ್ತದೆ. ಹಬ್ಬವೂ ಬೇಡ. ಅಮ್ಮ ಒಬ್ಬಳೇ ಕೊಟ್ಟಿಗೆಯಲ್ಲಿರುವ ಹೊತ್ತು, ಅಥವಾ ಸಲಿಗೆಯ ಅತ್ತೆ, ದೊಡ್ಡಮ್ಮ ಒಬ್ಬರಿದ್ದರೆ ಮೊದಲು ಅವರು. ಹೇಳಿದ ಮೇಲೆ ಅಮ್ಮ ಅತ್ತರೆ ಅದು ತಿರಸ್ಕಾರ ಎಂದು ಹುಡುಗಿ ತಿಳಿಯಬಾರದು. ಮರುವಾರ ಅಮ್ಮ ನಿಂಬೆಹಣ್ಣು ಮಂತ್ರಿಸಿಕೊಂಡು ಬಂದರೆ ಅದು ಹೆದರಿಕೆ, ಅದಕ್ಕೂ ಸ್ವಲ್ಪ ಕಾಲ ಕೊಡಬೇಕು. ಕೋಣೆಯಲ್ಲಿ ಕೂಡಿ ಹಾಕುವುದು, ಬರೆ ಹಾಕುವುದು, ಉಪವಾಸ ಕೆಡವುವುದು ಮಾತ್ರ ಸಹಿಸಬೇಕಾದ್ದಲ್ಲ.

ಆಗ 1098. ಇಪ್ಪತ್ತನಾಲ್ಕು ತಾಸೂ ಇರುವ ಮಕ್ಕಳ ಸಹಾಯವಾಣಿ, ದುಡ್ಡಿಲ್ಲ, ಗೆಳತಿಯೂ ಅವಳ ಪರವಾಗಿ ಕರೆ ಮಾಡಬಹುದು. ಮೈ ಮುಟ್ಟುವ ಕಿರುಕುಳ ಆಗಿದ್ದರೆ ಪೋಕ್ಸೋ ಕಾಯ್ದೆ 18 ತುಂಬದ ಎಲ್ಲ ಮಕ್ಕಳಿಗೂ ಒಂದೇ, ಗಂಡು ಹೆಣ್ಣು ಎಂದು ನೋಡುವುದಿಲ್ಲ. ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸದೆ ಶಾಲೆಯಲ್ಲೇ ರಾಜಿ ಮಾಡಿಸಿದರೆ ಅದೂ ಅಪರಾಧ. ಸಾಯುವ ಮಾತಾಡಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ, ಗುಟ್ಟು ಮುರಿಯಲೇಬೇಕಾದ ಇನ್ನೊಂದು ಸಂದರ್ಭ ಅದು. ಅವಳನ್ನು ಒಂಟಿ ಬಿಡದೆ, ನಂಬಿಕೆಯ ದೊಡ್ಡವರೊಬ್ಬರಿಗೆ ಅವತ್ತೇ ಹೇಳಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ತೋಟದ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಡಬ್ಬಿಗಳು ಕೈಗೆ ಸಿಗುವಂತೆ ಇರುತ್ತವೆ, ಮನೆಯವರು ಅವನ್ನು ಬೀಗದೊಳಗೆ ಇಡಲಿ. ಶಿವಮೊಗ್ಗದಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಓಡಿಹೋಗುವ ಯೋಚನೆ ಅನೇಕರಿಗೆ ಬರುತ್ತದೆ. ಬೆಳಗಿನ ಜಾವ ಬಸ್‌ಸ್ಟಾಂಡಿನಲ್ಲಿ ಇಳಿದ ಹದಿನೈದರ ಮಗುವಿಗೆ ಮೊದಲು ಸಿಗುವವರು ಒಳ್ಳೆಯವರೇ ಆಗಿರುವುದಿಲ್ಲ. ಟ್ರಾನ್ಸ್ ಎಂಬ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಬೇರ್ಪಡಿಸಬಾರದು, ಬೇರ್ಪಡಿಸಲೇಬೇಕಾದರೆ ಕೋರ್ಟಿನ ಆದೇಶ ಬೇಕು ಎಂದು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ ಹೇಳುತ್ತದೆ. ಮನೆಯೇ ಹಿಂಸೆಯಾದರೆ ದಾರಿ ಮಕ್ಕಳ ಕಲ್ಯಾಣ ಸಮಿತಿ, ಬೆಂಗಳೂರಿನ ಬಸ್ಸಲ್ಲ.

ಡಾಕ್ಟರ್ ಬಗ್ಗೆ: ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಹದಿಹರೆಯದವರಿಗೆಂದೇ ಇರುವುದು, ಅಲ್ಲಿಂದ ಶುರು ಮಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. "ಸರಿ ಮಾಡಿಕೊಡ್ತೇನೆ" ಎನ್ನುವ ಡಾಕ್ಟರಿಂದ ಎದ್ದು ಬನ್ನಿ. ಬದಲಾಯಿಸುವ ಚಿಕಿತ್ಸೆ ವೃತ್ತಿದ್ರೋಹ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮೆಡಿಕಲ್ ಶಾಪಿನಿಂದ ಗರ್ಭನಿರೋಧಕ ಮಾತ್ರೆ ತಂದು ಕದ್ದು ನುಂಗುವ ಹುಡುಗಿಯರಿದ್ದಾರೆ. ಅದು ಬೇಡ. ಅಳತೆ ತಪ್ಪಿದ ಹಾರ್ಮೋನಿನಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು, ಯಕೃತ್ತು ಕೆಡಬಹುದು. ಮುಖದ ಕೂದಲಿಗೆ ಕೂದಲು ತೆಗೆಯುವ ಕ್ರೀಮು ಹಚ್ಚಿ ಸುಟ್ಟುಕೊಳ್ಳುವುದೂ ಉಂಟು. ಬಿಸಿನೀರಲ್ಲಿ ಮೆತ್ತಗೆ ಮಾಡಿ, ಹೊಸ ಬ್ಲೇಡಿನಿಂದ ಕೂದಲು ಬೆಳೆಯುವ ದಿಕ್ಕಿಗೇ ತೆಗೆಯುವುದು ಅದಕ್ಕಿಂತ ವಾಸಿ.

ಕಾಗದಪತ್ರ ಕೊನೆಗೆ ಎಂದೆ, ಆದರೆ ಅದರಲ್ಲಿ ಒಂದಕ್ಕೆ ಗಡುವಿದೆ. ಎಸ್ಸೆಸ್ಸೆಲ್ಸಿ ನಾಮಿನಲ್ ರೋಲ್, ಅಂದರೆ ಪರೀಕ್ಷೆ ಬರೆಯುವವರ ಹೆಸರಿನ ಪಟ್ಟಿ. ಶಾಲೆಯ ದಾಖಲಾತಿ ಪುಸ್ತಕದಿಂದ ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ಗೆ, ಅಲ್ಲಿಂದ ನಾಮಿನಲ್ ರೋಲಿಗೆ, ಅಲ್ಲಿಂದ ಹಾಲ್ ಟಿಕೆಟ್, ಅಂಕಪಟ್ಟಿಗೆ ಹೆಸರು ಇಳಿಯುತ್ತದೆ. ಅಂಕಪಟ್ಟಿ ಅಚ್ಚಾದ ಮೇಲೆ ಒಂದಕ್ಷರ ತಿದ್ದಿಸುವುದೂ ಅಲೆದಾಟ. ಮನೆಯವರು ಒಪ್ಪಿದ್ದರೆ ಒಂಬತ್ತನೇ ಕ್ಲಾಸು ಮುಗಿಯುವುದರೊಳಗೆ ಮುಖ್ಯೋಪಾಧ್ಯಾಯರ ಹತ್ತಿರ ಮಾತು ತೆಗೆಯಬೇಕು. ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. 18 ತುಂಬುವ ತನಕ ಅರ್ಜಿಯನ್ನು ತಂದೆತಾಯಿ ಅಥವಾ ಪೋಷಕರೇ ಹಾಕಬೇಕು. ನಿಯಮ ಆಗಾಗ ಬದಲಾಗುವುದರಿಂದ ಅರ್ಜಿಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಮಕ್ಕಳಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ, ಫೋನ್ 15100. ಮನೆಯವರು ಒಪ್ಪದಿದ್ದರೆ ಇದ್ದ ಹೆಸರಿನಲ್ಲೇ ಪರೀಕ್ಷೆ ಬರೆಯಲಿ. ಹೆಸರಿಗಾಗಿ ಪರೀಕ್ಷೆ ಬಿಡುವುದು ಬೇಡ, 18 ಆದ ಮೇಲೆ ತಿದ್ದಿಸಲು ದಾರಿಯಿದೆ.

ಪಿಯುಸಿಗೆ ಕಾಲೇಜು ಹುಡುಕುವಾಗ ಫಾರ್ಮ್ ತುಂಬುವ ಮೊದಲೇ ಒಂದು ಸಲ ಹೋಗಿ ಮೂರು ನೋಡಿಕೊಂಡು ಬನ್ನಿ: ಒಳಗಿನಿಂದ ಚಿಲಕ ಹಾಕುವ ಶೌಚಾಲಯ ಎಲ್ಲಿದೆ, ಹಾಸ್ಟೆಲ್ ಬೇಕಾದರೆ ಸ್ನಾನದ ಮನೆಗೆ ಬಾಗಿಲಿದೆಯೇ, ಸಂಜೆಯ ಕೊನೆಯ ಬಸ್ಸು ಎಷ್ಟಕ್ಕೆ. ಸಾಧ್ಯವಾದರೆ ಅವಳ ಗೆಳತಿ ಸೇರುವ ಕಾಲೇಜಿಗೇ ಸೇರಿಸಿ, ಕಾಂಬಿನೇಷನ್ ಬೇರೆಯಾದರೂ ಪರವಾಗಿಲ್ಲ.